ಹೋಮ್ ಲೋನ್ ಫೈಲಿನಲ್ಲಿ ಸುಳ್ಳು ಸಂಬಳ: ಸಹಿ ಹಾಕಿದವರ ಗತಿ ಏನು?

ಪ್ರಶ್ನೆ: ಬೆಂಗಳೂರಿನ ಹೌಸಿಂಗ್ ಫೈನಾನ್ಸ್ ಕಂಪನಿಯೊಂದರ ಸೇಲ್ಸ್‌ನಲ್ಲಿ ಎಂಟು ತಿಂಗಳಿಂದ ಇದ್ದೇನೆ. ಕಸ್ಟಮರ್ ಸಂಬಳ 38,000 ಇದ್ದರೆ ಸ್ಯಾಲರಿ ಸ್ಲಿಪ್‌ನಲ್ಲಿ 62,000 ಮಾಡಿಸು ಅಂತಾರೆ ಮ್ಯಾನೇಜರ್. ಝೆರಾಕ್ಸ್ ಮೇಲೆ ಒಎಸ್‌ವಿ ಸೀಲು ಹೊಡೆದು ಸಹಿ ಹಾಕೋದು ನಾನು. 'ಎಲ್ಲಾ ಕಡೆ ಹೀಗೇ, ನಿನಗೇನೂ ಆಗಲ್ಲ' ಅಂತಾರೆ. ನಿಜಾನಾ? ಅನುಭವ ಇದ್ದವರು ಹೇಳಿ.

ಉತ್ತರ 1: ಹನ್ನೊಂದು ವರ್ಷ ಕ್ರೆಡಿಟ್ ವಿಭಾಗದಲ್ಲಿದ್ದೆ. ಒಎಸ್‌ವಿ ಅಂದರೆ 'ಒರಿಜಿನಲ್ ನೋಡಿ ತಾಳೆ ಮಾಡಿದ್ದೇನೆ' ಅಂತ. ಕೆಳಗೆ ನಿಮ್ಮ ಹೆಸರು, ಎಂಪ್ಲಾಯಿ ಕೋಡ್, ತಾರೀಖು. ಮ್ಯಾನೇಜರ್ ಹೆಸರು ಅಲ್ಲಿ ಎಲ್ಲಿದೆ ತಮ್ಮಾ?

ನಮ್ಮ ಬ್ರಾಂಚಿನಲ್ಲಿ ಒಂದೇ ಬಡಾವಣೆಯ ಆರು ಫೈಲುಗಳ ಇಎಂಐ ನಿಂತುಹೋಯಿತು. ವಿಚಾರಣೆಗೆ ಬಂದವರು ಮೊದಲು ಕೇಳಿದ್ದು, 'ಈ ಸಹಿ ಯಾರದು?' ಹುಡುಗ 'ಸರ್ ಹೇಳಿದ್ರು' ಅಂದ. ಸರ್ ಹೇಳಿದ್ದೆಲ್ಲಾ ಫೋನಿನಲ್ಲಿ. ಸ್ಲಿಪ್‌ನಲ್ಲಿ ಸಂಬಳ ಏರಿಸಿದ್ದರು, ಪಿಎಫ್ ಕಡಿತ ಮಾತ್ರ ಹಳೇ ಲೆಕ್ಕದಲ್ಲೇ ಉಳಿದಿತ್ತು. ಹುಡುಗನ ಕೆಲಸ ಹೋಯಿತು. ಸರ್‌ಗೆ ಟ್ರಾನ್ಸ್‌ಫರ್ ಆಯಿತು, ಅಷ್ಟೇ. ಇನ್ನೊಂದು ಹೇಳಿಬಿಡುತ್ತೇನೆ. ಆರರಲ್ಲಿ ಎರಡಕ್ಕೆ ಅಪ್ರೂವಲ್ ಕೊಟ್ಟವನು ನಾನೇ. ಆ ಪಿಎಫ್ ಸಾಲು ನನ್ನ ಕಣ್ಣಿಗೂ ಬಿದ್ದಿತ್ತು. ತಿಂಗಳ ಕೊನೆ ವಾರ, ಟಾರ್ಗೆಟ್ ಬಾಕಿ. ಸುಮ್ನೆ ಮುಂದಕ್ಕೆ ತಳ್ಳಿದೆ. ನನ್ನನ್ನು ಯಾರೂ ಕೇಳಲಿಲ್ಲ.

ಮೋಸಕ್ಕಿದ್ದ ಹಳೇ ಸೆಕ್ಷನ್ 420 ಹೋಗಿ 2024ರ ಜುಲೈ 1ರಿಂದ ಹೊಸ ಕಾನೂನು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 318 ಆಗಿದೆ. ನಕಲಿ ದಾಖಲೆಯನ್ನು ಅಸಲಿ ಅಂತ ಬಳಸೋದಕ್ಕೆ 340 ಬೇರೆ ಇದೆ. ಮ್ಯಾನೇಜರ್ ಹೇಳಿದ್ದು ಅಂದ ಮಾತ್ರಕ್ಕೆ ಬಚಾವಾಗೋಕೆ ಆಗಲ್ಲ. ಏನೇ ಇದ್ದರೂ ಬರವಣಿಗೆಯಲ್ಲಿ ಕೇಳಿ.

ಉತ್ತರ 2: ನಾನು ಸಾಲ ತಗೊಂಡವಳು. ಏಜೆಂಟ್ ಖಾಲಿ ಫಾರಂ ಮೇಲೆ ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿ, 'ಇಲ್ಲೆಲ್ಲಾ ಸಹಿ ಮಾಡಿ ಮೇಡಂ' ಅಂದಿದ್ದ. ಮಾಡಿದೆ, ತಪ್ಪು ನನ್ನದೂ ಇದೆ. ಸಂಬಳ 41,000, ಇಎಂಐ 29,000. ಕೇಳದ ಇನ್ಶೂರೆನ್ಸ್ ಕಂತನ್ನೂ ಸಾಲಕ್ಕೇ ಸೇರಿಸಿದ್ದರು. ಕಂಪನಿಗೆ ಬರೆದೆ, ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಇಂಥ ಕಂಪನಿಗಳ ಮೇಲ್ವಿಚಾರಣೆ ಮಾಡುವ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ದೂರು ಹಾಕಿದ ಮೇಲೆ ಇನ್ಶೂರೆನ್ಸ್ ದುಡ್ಡು ವಾಪಸ್ ಬಂತು. ಇಎಂಐ ಇನ್ನೂ ಕಟ್ಟುತ್ತಿದ್ದೇನೆ. ನೀವು ಸೀಲು ಹೊಡೆಯುವ 62,000ದ ಆಚೆ ನನ್ನಂಥವರ ಮನೆ ಇರುತ್ತೆ.

ಉತ್ತರ 3: 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದೆ. ಸಂಬಳ ಎಷ್ಟು ಅಂತ ಬಾಯಲ್ಲಿ ಹೇಳಿದರೆ ಸಾಕಿತ್ತು, ಪುರಾವೆ ಬೇಡ. 'ಲಯರ್ ಲೋನ್' ಅಂತಲೇ ಕರೆಯುತ್ತಿದ್ದರು, ಸುಳ್ಳುಗಾರರ ಸಾಲ. ಅಲ್ಲಿನ ದೊಡ್ಡ ಹೋಮ್ ಲೋನ್ ಕಂಪನಿ ಕಂಟ್ರಿವೈಡ್‌ನ ಮುಖ್ಯಸ್ಥರಾಗಿದ್ದ ಮೊಜಿಲೊ, ಷೇರುಪೇಟೆ ನಿಯಂತ್ರಕರು ಹಾಕಿದ ವಂಚನೆ ಕೇಸಿನಲ್ಲಿ 2010ರಲ್ಲಿ 6.75 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡರು. ತಪ್ಪು ಒಪ್ಪಲಿಲ್ಲ, ಜೈಲಿಗೂ ಹೋಗಲಿಲ್ಲ. ಅರ್ಜಿ ತಿದ್ದಿದ ಸಣ್ಣಪುಟ್ಟ ಬ್ರೋಕರ್‌ಗಳು ಎಷ್ಟೋ ಜನ ಕಂಬಿ ಎಣಿಸಿದರು.

ಪ್ರಶ್ನೆ ಕೇಳಿದವನು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಒಂದು ಫೈಲ್ ಬಂತು. 'ಯಾವ ಸಂಬಳ ಹಾಕಲಿ ಸರ್?' ಅಂತ ವಾಟ್ಸಾಪ್ ಮಾಡಿದೆ. ಎರಡೂ ಟಿಕ್ ನೀಲಿ ಆಯಿತು. ಉತ್ತರ ಬರಲಿಲ್ಲ. ಫೋನ್ ಬಂತು.