ಮೈ ಮುರಿದು ದುಡಿಯುವವರು ಮನೆಯಲ್ಲಿ ಗೇಮ್ ಹೇಗೆ ಆಡ್ತೀರಿ? ನಿಮ್ಮ ಸೆಟಪ್ ಹೇಳಿ

ಗೋದಾಮಿನವನು:
ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಇಳಿಸುವ ಕೆಲಸ ನನ್ನದು. ಹತ್ತು ಗಂಟೆ ನಿಂತೇ ಇರುತ್ತೇನೆ. ಹಿಂದಿನ ಕೆಲಸದಲ್ಲಿದ್ದಾಗ ಜೋಡಿಸಿಕೊಂಡ ಪಿಸಿ ಇದೆ. ಈಗ ಮನೆಗೆ ಬಂದು ಮೇಜಿನ ಮುಂದೆ ಕೂತರೆ ಇಪ್ಪತ್ತೇ ನಿಮಿಷಕ್ಕೆ ಸೊಂಟ ಹಿಡಿಯುತ್ತದೆ. ಮೌಸ್ ಹಿಡಿದರೆ ಬಲ ಮಣಿಕಟ್ಟಿನಲ್ಲಿ ಚುಳುಕ್ ಅನ್ನುತ್ತದೆ. ಗೆಳೆಯರ ಜೊತೆ ಶೂಟಿಂಗ್ ಗೇಮ್ ಆಡೋದು, ರಾತ್ರಿ ಒಂದು ತಾಸು ಸಿಕ್ಕರೆ ಅದೇ ಹೆಚ್ಚು. ಪಿಸಿ ಮಾರಿ ಟಿವಿಗೆ ಹಾಕಿ ಆಡುವ ಕನ್ಸೋಲ್ ತಗೊಳ್ಳಲಾ, ಕೈಯಲ್ಲೇ ಹಿಡಿದು ಆಡುವ ಹ್ಯಾಂಡ್‌ಹೆಲ್ಡ್ ತಗೊಳ್ಳಲಾ, ಇಲ್ಲ ಒಳ್ಳೆ ಕುರ್ಚಿ ತಂದರೆ ಸಾಕಾ?

ಟೈಲ್ಸ್ ಮಂಡಿ:
ಕುರ್ಚಿ ಅಂದ್ರಲ್ಲ, ಅದಕ್ಕೇ ಬರೀತಿದ್ದೇನೆ. ತರಬೇಡಿ.

ಹದಿನಾಲ್ಕು ವರ್ಷದಿಂದ ಟೈಲ್ಸ್ ಹಾಕ್ತಿದ್ದೇನೆ. ಒಂದೂವರೆ ತಿಂಗಳ ದುಡಿಮೆ ಸುರಿದು ರೇಸ್ ಕಾರಿನ ಸೀಟಿನ ಥರದ ಗೇಮಿಂಗ್ ಕುರ್ಚಿ ತಂದೆ. ಸಾಗಾಣಿಕೆ ಬೇರೆ. ಜೋಡಿಸೋಕೆ ಒಂದು ಭಾನುವಾರ ಪೂರ್ತಿ ಹೋಯಿತು, ಎರಡು ಬೋಲ್ಟ್ ಕೂರಲೇ ಇಲ್ಲ, ಹೊರಗಿನಿಂದ ಬೇರೆ ಬೋಲ್ಟ್ ತಂದು ಹಾಕಿದೆ. ಆ ಕುರ್ಚಿಗೆ ಎರಡೂ ಪಕ್ಕ ರೆಕ್ಕೆ ಥರ ಉಬ್ಬಿರುತ್ತದಲ್ಲ, ಭಾರ ಎತ್ತಿ ಎತ್ತಿ ಭುಜ ಅಗಲವಾದವನನ್ನು ಅದು ಮುಂದಕ್ಕೆ ತಳ್ಳುತ್ತದೆ. ಇಷ್ಟು ಸಾಲದು ಅಂತ, ಬೆಳಿಗ್ಗೆಯಿಂದ ಮಡಚಿಟ್ಟ ಮಂಡಿಯನ್ನೇ ರಾತ್ರಿ ಮತ್ತೆ ಮಡಚಿ ಕೂರಬೇಕು. ಮೂರು ವಾರ ಹಟ ಹಿಡಿದು ಕೂತೆ, ದುಡ್ಡು ಕೊಟ್ಟಿದ್ದೇನಲ್ಲ ಅಂತ. ನಾಲ್ಕನೇ ವಾರ ಎದ್ದು ನಿಲ್ಲೋಕೆ ಮೇಜು ಹಿಡಿದುಕೊಂಡೆ.

ಈಗ ಟಿವಿಯನ್ನು ಗೋಡೆಯಿಂದ ಇಳಿಸಿ ಗಿಡ್ಡ ಸ್ಟೂಲ್ ಮೇಲೆ ಇಟ್ಟಿದ್ದೇನೆ. ನೆಲದ ಮೇಲೆ ಹಾಸಿಗೆ, ಬೆನ್ನಿಗೆ ಗೋಡೆ, ಮಂಡಿ ಕೆಳಗೆ ಸುತ್ತಿದ ಕಂಬಳಿ. ಕನ್ಸೋಲ್ ಒಂದೇ ಇರೋದು.

ಪಿಸಿ ಕಥೆ ಕೇಳಿ. ಕೆಲಸದ ಬಟ್ಟೆಯಲ್ಲೇ ಬಂದು ಕೂರುತ್ತಿದ್ದೆ, ಪಿಸಿ ಕಾಲ ಬಳಿ ನೆಲದ ಮೇಲಿತ್ತು. ಕಟರ್ ಪುಡಿ ಎಷ್ಟು ಸಣ್ಣ ಅಂತ ಗೊತ್ತಲ್ಲ. ಒಂದು ದಿನ ಬಿಚ್ಚಿ ನೋಡಿದರೆ ಬಿಸಿ ಹೀರುವ ಹೀಟ್‌ಸಿಂಕ್ ಸಂದಿಯಲ್ಲಿ ಬಿಳಿ ಪುಡಿ ಹಾಳೆ ಥರ ಗಟ್ಟಿ ಕೂತಿದೆ. ಉಗುರಲ್ಲಿ ಕೆರೆದರೆ ಚೂರು ಚೂರಾಗಿ ಬಂತು, ಗೋಡೆ ಸುಣ್ಣ ಬಂದ ಹಾಗೆ. ಗ್ರಾಫಿಕ್ಸ್ ಕಾರ್ಡ್ ಅದಾಗಲೇ ಸತ್ತಿತ್ತು. ಎರಡು ತಿಂಗಳ ಓವರ್‌ಟೈಮ್ ದುಡ್ಡು ಹೋಯಿತು. ಈಗ ಸ್ನಾನ ಆಗದೆ ಆ ಕೋಣೆಗೆ ಕಾಲಿಡೋದಿಲ್ಲ. ಈಗಿನ ಕನ್ಸೋಲ್ ಪಿಎಸ್‌5, ಅದರ ಬದಿಯ ಹಲಗೆ ತೆಗೆದರೆ ಧೂಳು ಸೇರುವ ತೂತುಗಳಿವೆ, ವ್ಯಾಕ್ಯೂಮ್ ಹಿಡಿದರೆ ಮುಗಿಯಿತು. ತಿಂಗಳಿಗೊಮ್ಮೆ ಹಿಡಿಯುತ್ತೇನೆ.

ಕುರ್ಚಿ ಇನ್ನೂ ಇದೆ. ಯಾರಿಗಾದರೂ ಬೇಕಾದರೆ ಅರ್ಧ ಬೆಲೆಗೆ ಕೊಡುತ್ತೇನೆ.

ನೈಟ್ ಡ್ಯೂಟಿ:
ನಾನು ನರ್ಸ್. ಮೇಜು, ಟಿವಿ, ಎಲ್ಲ ಬಿಟ್ಟೆ. ಹ್ಯಾಂಡ್‌ಹೆಲ್ಡ್ ಒಂದೇ.

ಡ್ಯೂಟಿ ಮುಗಿಸಿ ಬಂದಾಗ ಪಾದ ಊದಿರುತ್ತದೆ. ಮಲಗಿ ಕಾಲನ್ನು ಗೋಡೆಗೆ ಎತ್ತಿಡುತ್ತೇನೆ, ಆ ಭಂಗಿಯಲ್ಲಿ ಯಾವ ಟಿವಿ ಕಾಣುತ್ತದೆ ಹೇಳಿ. ಮೊದಲ ವಾರ ಕೈಯಲ್ಲಿ ಎತ್ತಿ ಹಿಡಿದೇ ಆಡಿದೆ. ಐದನೇ ದಿನ ನಿದ್ದೆ ಬಂತು, ಬಿತ್ತು, ಮೂಗಿನ ಮೇಲೆ. ಮೂಗು ಮುರಿದಿಲ್ಲ, ಆದರೆ ಮರುದಿನ ವಾರ್ಡಿನಲ್ಲಿ ಎಲ್ಲರೂ ಕೇಳೋರೇ. ಬಾಗಿಲು ತಗುಲಿತು ಅಂದೆ. ಆಮೇಲೆ ಮಂಚಕ್ಕೆ ಕಚ್ಚುವ ಸ್ಟ್ಯಾಂಡ್ ತಂದೆ. ಅಗ್ಗದ್ದು ತಂದು ತಪ್ಪು ಮಾಡಿದೆ, ಅದರ ಕತ್ತು ಹತ್ತು ನಿಮಿಷಕ್ಕೆ ನಿಧಾನವಾಗಿ ಬಗ್ಗುತ್ತಾ ಮುಖದ ಹತ್ತಿರ ಬರುತ್ತದೆ. ಎರಡನೆಯದೂ ಹಾಗೇ ಆಯಿತು. ಮೂರನೆಯದು ಮೈಕ್ ಹಾಕುವ ಕಬ್ಬಿಣದ ತೋಳು, ಸ್ಪ್ರಿಂಗ್ ಇರುವಂಥದ್ದು. ಮೂರರ ಖರ್ಚು ಸೇರಿಸಿದರೆ ಮೊದಲೇ ಒಳ್ಳೆಯದು ತರಬಹುದಿತ್ತು, ನಾಲ್ಕು ರಾತ್ರಿ ಪಾಳಿಯ ಭತ್ಯೆ ಸುಮ್ನೆ ಹೋಯಿತು.

ತೂಕ ನೋಡಿ ತಗೊಳ್ಳಿ. ಸ್ಟೀಮ್ ಡೆಕ್ ಅನ್ನುವ ಹ್ಯಾಂಡ್‌ಹೆಲ್ಡ್ ಮೊದಲು ಬಂದದ್ದು 669 ಗ್ರಾಂ, ಅದರದೇ 2023ರ ಓಎಲ್‌ಇಡಿ ಪರದೆಯದು ಸುಮಾರು 640. 2017ರ ಸ್ವಿಚ್, ಎರಡು ಬದಿಗೆ ಸಿಕ್ಕಿಸುವ ಜಾಯ್‌ಕಾನ್ ಕಂಟ್ರೋಲರ್ ಸೇರಿ ಸುಮಾರು 400. ಕಾಗದದ ಮೇಲೆ ಏನೂ ಅಲ್ಲ ಅನಿಸುತ್ತದೆ. ಇಡೀ ರಾತ್ರಿ ರೋಗಿಗಳನ್ನು ಮಗ್ಗುಲು ತಿರುಗಿಸಿದ ಕೈಗೆ ಆ 240 ಗ್ರಾಂ ಗೊತ್ತಾಗುತ್ತದೆ.

ಟೈಲ್ಸ್ ಮಂಡಿ:
ಮೇಡಂ ಬೇಜಾರಾಗಬೇಡಿ, ಕೇಳಿದ್ದು ಭಾರದ ಕೆಲಸ ಮಾಡುವವರನ್ನು. ಆಸ್ಪತ್ರೆ ಒಳಗೆ ಎಸಿ ಇರುತ್ತದೆ ಅಲ್ವಾ.

ನೈಟ್ ಡ್ಯೂಟಿ:
ಬೇಜಾರಾಯಿತು. ಅರಿವಿಲ್ಲದ ಎಂಬತ್ತೈದು ಕೆಜಿ ಮನುಷ್ಯನನ್ನು ಮಂಚದಿಂದ ಸ್ಟ್ರೆಚರ್‌ಗೆ ಸರಿಸಿದ್ದೀರಾ? ಟೈಲ್ಸ್ ಎತ್ತುವಾಗ ಅದು ಕೈ ಬೀಸಿ ಹೊಡೆಯಲ್ಲ. ಜಾರಿ ಬಿದ್ದರೆ ಇನ್ನೊಂದು ತರಬಹುದು.

ಟೈಲ್ಸ್ ಮಂಡಿ:
ಜಾರಿ ಬಿದ್ದರೆ ನನ್ನ ಕೂಲಿಯಲ್ಲಿ ಮುರೀತಾರೆ. ಅದೂ ಹೇಳಿ.

ಬ್ರೇಕರ್ ಕೈ:
ನಿಮ್ಮಿಬ್ಬರ ಜಗಳ ಆಮೇಲೆ. ಯಾರೂ ಕೈ ಬಗ್ಗೆ ಮಾತಾಡ್ತಿಲ್ಲ.

ಕಾಂಕ್ರೀಟ್ ಒಡೆಯುವ ಬ್ರೇಕರ್ ಹಿಡಿಯುತ್ತೇನೆ. ಆ ಕೆಲಸ ಮಾಡಿದವರಿಗೆ ಗೊತ್ತು, ಸಂಜೆ ಕೈ ಕೆಳಗಿಟ್ಟರೂ ಒಳಗೆ ಇನ್ನೂ ಗುಂಯ್ ಅಂತಿರುತ್ತದೆ. ಬೆರಳ ತುದಿಗೆ ಜೋಮು. ಚಳಿಗಾಲದ ಒಂದು ಬೆಳಿಗ್ಗೆ ಎರಡು ಬೆರಳು ಬೆಳ್ಳಗಾಗಿ ನಿಂತವು, ಸುಣ್ಣದ ಕಡ್ಡಿ ಥರ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಯಾವ ಮೆಷಿನ್ ಹಿಡೀತೀಯ ಅಂತ. ಕಂಪನದಿಂದ ಬೆರಳಿನ ರಕ್ತನಾಳ, ನರ ಎರಡೂ ಕೆಡುತ್ತವಂತೆ. ಆ ಕೈಯಲ್ಲಿ ಕಂಟ್ರೋಲರ್ ಹಿಡಿದು, ಗೇಮಿನಲ್ಲಿ ಬಾಂಬ್ ಸಿಡಿದಾಗ ಅದೂ ಗಡಗಡ ಅಂದರೆ ಹೇಗಿರುತ್ತದೆ? ಎಸೆಯಬೇಕು ಅನಿಸುತ್ತದೆ. ಒಂದನ್ನು ಎಸೆದಿದ್ದೇನೆ ಕೂಡ. ವೈಬ್ರೇಷನ್ ಪೂರ್ತಿ ಆಫ್ ಮಾಡಿ. ಪಿಎಸ್‌5ರ ಡ್ಯುಯಲ್‌ಸೆನ್ಸ್ ಕಂಟ್ರೋಲರ್‌ನಲ್ಲಿ ಟ್ರಿಗರ್ ಬಿಗಿಯಾಗೋದನ್ನೂ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು.

ಇನ್ನೊಂದು ಕಷ್ಟ ಕೇಳಿ. ಬೆರಳಿಗೆ ಸ್ಪರ್ಶ ಕಮ್ಮಿ ಆದರೆ ಎಷ್ಟು ಒತ್ತುತ್ತಿದ್ದೇವೆ ಅಂತ ಗೊತ್ತಾಗಲ್ಲ. ಎರಡು ವರ್ಷದಲ್ಲಿ ನಾಲ್ಕು ಕಂಟ್ರೋಲರ್ ಹೋದವು. ಕೈ ಬಿಟ್ಟರೂ ಗೇಮಿನ ಮನುಷ್ಯ ತಾನೇ ಎಡಕ್ಕೆ ನಡೀತಾನೆ, ಇದಕ್ಕೇ ಡ್ರಿಫ್ಟ್ ಅನ್ನೋದು. ಹೆಬ್ಬೆರಳಲ್ಲಿ ಅಲ್ಲಾಡಿಸುವ ಸ್ಟಿಕ್ ಎಷ್ಟು ಓರೆಯಾಯಿತು ಅಂತ ಅಳೆಯುವ ಪೊಟೆನ್ಶಿಯೋಮೀಟರ್ ಪಟ್ಟಿ ಸವೆದು ಹಾಗಾಗೋದು. ಮೊದಲೆರಡನ್ನು ಹೊಸದು ತಂದೆ. ಮೂರನೆಯದನ್ನು ರಿಪೇರಿಗೆ ಕೊಟ್ಟೆ, ಹೊಸದರ ಮುಕ್ಕಾಲು ಬೆಲೆ ಕಿತ್ತುಕೊಂಡು ಎರಡೇ ತಿಂಗಳು ಬಾಳಿಸಿದರು. ನಾಲ್ಕನೆಯದಕ್ಕೆ ನಾನೇ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿದೆ. ಅದರಲ್ಲಿ ಅಯಸ್ಕಾಂತ ಇರೋದು, ಅಳೆಯುವ ಭಾಗಗಳು ಒಂದಕ್ಕೊಂದು ಉಜ್ಜೋದೇ ಇಲ್ಲ. ಹಳೆ ಸ್ಟಿಕ್ಕಿನ ಹದಿನಾಲ್ಕು ಲೋಹದ ಕಾಲಿನ ಬೆಸುಗೆ ಬಿಡಿಸಬೇಕು, ಜೋಮು ಹಿಡಿದ ಬೆರಳಲ್ಲಿ. ಮೂರು ಸಂಜೆ ಆಯಿತು. ಬೋರ್ಡ್ ಸುಡಲಿಲ್ಲ. ಈಗ ಒಂದು ವರ್ಷದ ಮೇಲಾಯಿತು, ಕೂದಲೆಳೆ ಅಲ್ಲಾಡಿಲ್ಲ.

ಸೀಟಿಗಂಟಿದವ:
ಹಾಲ್ ಎಫೆಕ್ಟ್ ಏನೋ ಹೊಸದು ಅನ್ನೋ ಥರ ಹೇಳ್ತಿದ್ದೀರಿ. 1998ರ ಡ್ರೀಮ್‌ಕಾಸ್ಟ್ ಕನ್ಸೋಲಿನ ಕಂಟ್ರೋಲರ್‌ನಲ್ಲೇ ಇತ್ತು. ಮತ್ತೆ ಕಂಟ್ರೋಲರ್ ಕಂಪನದಿಂದ ಬೆರಳು ಬೆಳ್ಳಗಾಗಲ್ಲ.

ಪ್ರಶ್ನೆ ಕೇಳಿದವರಿಗೆ: ನಾನು ಆಫೀಸ್ ಕೆಲಸ, ಆದರೆ ಬೆನ್ನುನೋವಿನ ಬಗ್ಗೆ ತುಂಬಾ ಓದಿದ್ದೇನೆ. ಸ್ಟ್ಯಾಂಡಿಂಗ್ ಡೆಸ್ಕ್ ತಗೊಳ್ಳಿ, ನಿಂತು ಆಡಿ. ಜೊತೆಗೆ ದಿನಕ್ಕೆ ಅರ್ಧ ಗಂಟೆ ರಿಂಗ್ ಫಿಟ್ ಅಡ್ವೆಂಚರ್. ಮೈ ಚುರುಕಾಗುತ್ತದೆ.

ಬ್ರೇಕರ್ ಕೈ:
ಕಂಟ್ರೋಲರ್ ಕಂಪನದಿಂದ ಬರುತ್ತೆ ಅಂತ ನಾನು ಎಲ್ಲಿ ಬರೆದೆ? ಮತ್ತೆ ಓದಿ. ಬ್ರೇಕರ್‌ನಿಂದ ಬಂತು, ಕಂಟ್ರೋಲರ್‌ನಿಂದ ಕಿರಿಕಿರಿ ಆಗುತ್ತೆ ಅಂದೆ. ಹೊಸದು ಅಂತಲೂ ಅಂದಿಲ್ಲ.

ನೈಟ್ ಡ್ಯೂಟಿ:
ಹತ್ತು ಗಂಟೆ ನಿಂತು ಬಂದವನಿಗೆ ನಿಂತು ಆಡು ಅಂತೀರಲ್ಲ ಸ್ವಾಮಿ.

ಟೈಲ್ಸ್ ಮಂಡಿ:
ವ್ಯಾಯಾಮದ ಗೇಮ್ ಅಂತೆ. ನನಗೆ ದಿನಕ್ಕೆ ಇನ್ನೂರು ಬಸ್ಕಿಗೆ ಕೂಲಿ ಕೊಡ್ತಾರೆ, ನಾನ್ಯಾಕೆ ದುಡ್ಡು ಕೊಟ್ಟು ಹೊಡೀಲಿ. ಇದೊಂದು ವಿಷಯದಲ್ಲಿ ಮೇಡಂ ಜೊತೆ ನಾನಿದ್ದೇನೆ.

ಸೀಟಿಗಂಟಿದವ:
ಒಳ್ಳೆಯದು ಹೇಳಿದರೂ ತಪ್ಪು. ಎಲ್ಲರೂ ಒಟ್ಟಿಗೆ ಮೇಲೆ ಬೀಳೋದು ಯಾಕೆ? ಕೂತು ಕೂತು ನೋವು ಬರೋದು ನೋವಲ್ವಾ?

ಎರಡು ಗಾಲಿ:
ಸೈಕಲ್ಲಿನಲ್ಲಿ ಪಾರ್ಸೆಲ್ ಹಂಚುವವನು ನಾನು. ಕತ್ತಿನ ಮಾತು ಯಾರೂ ಎತ್ತಿಲ್ಲ. ದಿನವಿಡೀ ಬಗ್ಗಿ ಮುಖ ಮಾತ್ರ ಮೇಲೆತ್ತಿ ತುಳಿದವನಿಗೆ ಸಂಜೆ ನೇರ ಎದುರು ನೋಡೋದೇ ಹಿಂಸೆ. ಅದಕ್ಕೆ ಯೋಚನೆ ಮಾಡಿದೆ: ಪ್ರೊಜೆಕ್ಟರ್ ತಂದು ಚಿತ್ರವನ್ನು ಕೋಣೆಯ ಚಾವಣಿಗೆ ಬಿಟ್ಟರೆ ಅಂಗಾತ ಮಲಗಿ ಆಡಬಹುದು. ಐಡಿಯಾ ಈಗಲೂ ಸರಿಯೇ. ನಾನು ಕೆಟ್ಟದ್ದು ಖರೀದಿಯಲ್ಲಿ.

ಮೊದಲು ತಂದದ್ದು ಹಳೆಯ ಲ್ಯಾಂಪ್ ಪ್ರೊಜೆಕ್ಟರ್, ಸೆಕೆಂಡ್ ಹ್ಯಾಂಡ್. ಮನೆಗೆ ತಂದು ಮ್ಯಾನುಯಲ್ ಓದಿದರೆ ನೆಟ್ಟಗೆ ಮೇಲಕ್ಕೆ ಮುಖ ಮಾಡಿ ಇಡಬೇಡಿ ಅಂತ ಬರೆದಿದೆ, ಬಿಸಿ ಹೊರಗೆ ಹೋಗಲ್ಲವಂತೆ. ಇರಲಿ ಅಂತ ಇಟ್ಟೆ. ಒಂಬತ್ತು ದಿನ. ಹತ್ತನೇ ದಿನ ಟಪ್. ಹೊಸ ಲ್ಯಾಂಪಿನ ಬೆಲೆ ಕೇಳಿದರೆ ಪ್ರೊಜೆಕ್ಟರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ. ಆಮೇಲೆ ಎಲ್‌ಇಡಿಯದು ತಂದೆ, ಅದನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಬಹುದು. ಕನ್ನಡಿ ಹೊಳಪಿನ ಚಿತ್ರ. ಆದರೆ ಬಟನ್ ಒತ್ತಿದರೆ ಗೇಮಿನ ಮನುಷ್ಯ ಯೋಚನೆ ಮಾಡಿ ಜಿಗಿಯುತ್ತಿದ್ದ. ವಾರಗಟ್ಟಲೆ ವೈಫೈ ಬೈದೆ, ಕಂಟ್ರೋಲರ್ ಬೈದೆ. ಕಡೆಗೆ ಗೊತ್ತಾಯಿತು, ಓರೆ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ಆನ್ ಇತ್ತು, ಅದೇ ತಡ ಮಾಡ್ತಿತ್ತು. ಅದನ್ನು ಆಫ್ ಮಾಡಿ, ಗೇಮ್ ಮೋಡ್ ಹಾಕಿ, ಟ್ರೈಪಾಡನ್ನೇ ಸರಿಯಾಗಿ ನೇರ ನಿಲ್ಲಿಸಿದೆ. ಟ್ರೈಪಾಡಿನ ಮೂರು ಕಾಲಿಗೂ ನೆಲದ ಮೇಲೆ ಚಾಕ್‌ಪೀಸಿನ ಗುರುತು ಇದೆ, ಗುಡಿಸುವಾಗ ಅಳಿಸಿದರೆ ಮನೆಯಲ್ಲಿ ಯುದ್ಧ.

ಬ್ರೇಕರ್ ಕೈ:
ಚಾವಣಿಯಲ್ಲಿ ಫ್ಯಾನ್ ಇಲ್ವಾ?

ಎರಡು ಗಾಲಿ:
ಇದೆ. ಬಿಚ್ಚಿದೆ. ಟೇಬಲ್ ಫ್ಯಾನ್ ಇಟ್ಟುಕೊಂಡಿದ್ದೇನೆ. ಅದರ ಖರ್ಚು ಲೆಕ್ಕಕ್ಕೆ ಸೇರಿಸಿಲ್ಲ, ಹೊಟ್ಟೆ ಉರಿಯುತ್ತದೆ ಅಂತ.

ಉರಿ ಒಲೆ:
ಹೋಟೆಲ್ ಅಡುಗೆಮನೆ ಕೆಲಸ. ಬೆರಳ ತುದಿ ಸುಟ್ಟು ಸುಟ್ಟು ದಡ್ಡುಗಟ್ಟಿದೆ, ಟಚ್‌ಸ್ಕ್ರೀನ್ ನನ್ನ ಬೆರಳನ್ನು ಬೆರಳು ಅಂತಲೇ ಒಪ್ಪಲ್ಲ. ಮೊಬೈಲ್ ಗೇಮಿಗೆ ಅಲ್ಲೇ ಕೈಮುಗಿದೆ. ಬಟನ್ ಇರುವುದೇ ಬೇಕು. ಮತ್ತೊಂದು, ಗೇಮನ್ನು ನಿಲ್ಲಿಸಿ ಮಲಗಿಸಿದಲ್ಲಿಂದಲೇ ಎಬ್ಬಿಸುವ ಹಾಗಿರಬೇಕು. ನನಗೆ ಎಕ್ಸ್‌ಬಾಕ್ಸ್ ಸಿರೀಸ್ ಎಸ್ ಕನ್ಸೋಲಿನ ಕ್ವಿಕ್ ರೆಸ್ಯೂಮ್ ಸಾಕಾಗಿದೆ, ಬಾಸ್ (ಗೇಮಿನ ದೊಡ್ಡ ಶತ್ರು) ಎದುರು ನಿದ್ದೆ ಹೋದರೂ ಮೂರು ದಿನ ಬಿಟ್ಟು ಬಾಸ್ ಎದುರೇ ಎದ್ದೇಳುತ್ತೇನೆ. ಆನ್‌ಲೈನ್ ಗೇಮ್‌ಗೆ ಮಾತ್ರ ಇದು ನಡೆಯಲ್ಲ.

ನೈಟ್ ಡ್ಯೂಟಿ:
ನಿದ್ದೆ ಬಂದರೆ ಸತ್ತೆ ಅನ್ನುವ ಗೇಮ್ ನಾನು ಆಡೋದನ್ನೇ ಬಿಟ್ಟೆ. ಸರದಿ ಪ್ರಕಾರ ಆಡುವಂಥದ್ದು ಮಾತ್ರ. ಶತ್ರು ಬೆಳಗಿನವರೆಗೂ ಕಾಯುತ್ತಾನೆ, ಪಾಪ.

ಟೈಲ್ಸ್ ಮಂಡಿ:
ಅದು ಗೇಮಾ? ಚೌಕಾಬಾರ.

ನೈಟ್ ಡ್ಯೂಟಿ:
ಮಂಡಿ ಕೆಳಗೆ ಕಂಬಳಿ ಇಟ್ಟುಕೊಂಡು ಮಾತಾಡ್ತಿದ್ದೀರಿ, ನೆನಪಿರಲಿ.

ಗೋದಾಮಿನವನು:
ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಿದ್ದು ಮಣಿಕಟ್ಟು, ಶೂಟಿಂಗ್ ಗೇಮ್, ಸೊಂಟ. ಇರಲಿ. ಇಷ್ಟರಲ್ಲಿ ಒಂದು ಪ್ರಯೋಗ ಮಾಡಿದೆ. ಪಿಸಿ ಮಾರಲಿಲ್ಲ. ಹತ್ತು ಮೀಟರ್ ಎಚ್‌ಡಿಎಂಐ ಕೇಬಲ್ ತಂದು ಮಲಗುವ ಕೋಣೆಯ ಟಿವಿಗೆ ಎಳೆದೆ. ಮೌಸ್ ಬದಲು ಜೈರೋ, ಅಂದರೆ ಓರೆ ಮಾಡಿದ್ದನ್ನು ಗುರುತಿಸುವ ಸೆನ್ಸರ್, ಇರುವ ಕಂಟ್ರೋಲರ್. ಒರಟು ಗುರಿ ಸ್ಟಿಕ್ಕಿನಲ್ಲಿ, ಕೊನೆಯ ಚೂರು ಕಂಟ್ರೋಲರನ್ನು ಸ್ವಲ್ಪ ಓರೆ ಮಾಡಿ. ಗೆಳೆಯರು ನಗ್ತಿದ್ದಾರೆ, ಮೂರು ಪಂದ್ಯಕ್ಕೆ ಎರಡು ಸಲ ನಾನೇ ಮೊದಲು ಸಾಯೋದು. ಆದರೆ ಮಗ್ಗುಲಾಗಿ ಮಲಗಿ ಒಂದು ತಾಸು ಆಡಿದೆ, ಚುಳುಕ್ ಬರಲಿಲ್ಲ.

ಬ್ರೇಕರ್ ಕೈ:
ಹತ್ತು ಮೀಟರ್ ಸಾದಾ ಕೇಬಲ್‌ನಲ್ಲಿ 4ಕೆ ಇಟ್ಟರೆ ಚಿತ್ರ ಮಿಣಮಿಣ ಅನ್ನುತ್ತೆ ನೋಡಿ. ಬೆಳಕಿನ ಎಳೆಯ ಆಪ್ಟಿಕಲ್ ಕೇಬಲ್ ತರಬೇಕಿತ್ತು.

ಎರಡು ಗಾಲಿ:
ಅವರ ಟಿವಿ 4ಕೆ ಅಂತ ಅವರು ಎಲ್ಲಿ ಹೇಳಿದರು? ಅದಕ್ಕಿಂತ ಕಮ್ಮಿ ಸ್ಪಷ್ಟತೆಯ 1080ಕ್ಕೆ ಸಾದಾ ಕೇಬಲ್ಲೇ ಆಗುತ್ತೆ, ನನ್ನ ಮನೆಯಲ್ಲಿ ಹನ್ನೆರಡು ಮೀಟರ್ ಓಡ್ತಿದೆ.

ಬ್ರೇಕರ್ ಕೈ:
ಮ್ಯಾನುಯಲ್ ಓದಿಯೂ ಲ್ಯಾಂಪ್ ಸುಟ್ಟವರು ನನಗೆ ಕೇಬಲ್ ಹೇಳಿಕೊಡಬೇಡಿ.

ಸೀಟಿಗಂಟಿದವ:
ಜಗಳದ ಮಧ್ಯೆ ಒಂದು ಮಾತು. ಆ ಗೇಮಿಂಗ್ ಕುರ್ಚಿ ಇನ್ನೂ ಇದೆಯಾ? ನನ್ನದು ಅಗಲ ಭುಜ ಅಲ್ಲ.

ಟೈಲ್ಸ್ ಮಂಡಿ:
ಇದೆ. ಅರ್ಧ ಬೆಲೆ ಅಂದದ್ದು ದುಡಿದು ಬಂದವರಿಗೆ. ನಿಮಗೆ ಮುಕ್ಕಾಲು. ಬೋಲ್ಟ್ ಎರಡು ನನ್ನವು, ಅದರ ದುಡ್ಡು ಬೇರೆ.