ಹೆಸರು ಕೇಳುವುದು ಸಣ್ಣತನವಾ? – ಓದುಗರ ಸ್ಪಂದನ

ಬದಿಯಡ್ಕ ಕಡೆಯ ಸಂಗೀತ ಮಾಷ್ಟ್ರೊಬ್ಬರ ಪತ್ರ ಕಳೆದ ವಾರ ಓದಿದ್ದೀರಿ. 1997ರಲ್ಲಿ ಹೆಂಡತಿಯ ಬಳೆ ಅಡವಿಟ್ಟು ದಾಸರ ಪದಗಳ ಕ್ಯಾಸೆಟ್ ತಂದವರು. ರಾಗ ಹಾಕಿದ್ದೂ ಅವರೇ. ಈಗ ಹಳೆಯ ಶಿಷ್ಯೆಯೊಬ್ಬಳು ಅದೇ ಧಾಟಿಯಲ್ಲಿ ಹಾಡಿ ಯೂಟ್ಯೂಬಿಗೆ ಹಾಕಿದ್ದಾಳೆ. 'ರಾಗ ಸಂಯೋಜನೆ' ಎಂಬಲ್ಲಿ ಅವಳದೇ ಹೆಸರು. ಕೇಳಬೇಕೋ, ಸುಮ್ಮನಿರಬೇಕೋ?

ಉಪ್ಪಳದಿಂದ ಬಂದ ಪತ್ರ ಇಷ್ಟೇ:

"ವಿದ್ಯೆ ಕೊಟ್ಟ ಮೇಲೆ ಲೆಕ್ಕ ಕೇಳಬಾರದು. ದಾಸರು ಬಂದು ನಿಮ್ಮ ಹತ್ತಿರ ಹೆಸರು ಕೇಳಿದರಾ?"

ದಾಸರ ಪದಗಳ ಕೊನೆಗೆ ಅಂಕಿತ, ಅಂದರೆ ಬರೆದವರ ಗುರುತಿನ ಹೆಸರು, ಇರುತ್ತದೆ ಎಂದಷ್ಟೇ ನೆನಪಿಸುತ್ತೇವೆ. ಮುಂದಿನದು ಮುಳ್ಳೇರಿಯದ್ದು. ಕತ್ತರಿಸಲು ಮನಸ್ಸಾಗಲಿಲ್ಲ.

"ಆ ಶಿಷ್ಯೆಯ ಜಾಗದಲ್ಲಿ ಒಮ್ಮೆ ನಾನಿದ್ದೆ. ನಮ್ಮ ಮಾಷ್ಟ್ರು ಶನಿವಾರ ಭಜನಾ ಮಂದಿರದಲ್ಲಿ ಕಲಿಸುತ್ತಿದ್ದರು. ಫೀಸು ಅಂತ ಇರಲಿಲ್ಲ. ಅಮ್ಮ ಎರಡು ತೆಂಗಿನಕಾಯಿ ಕಳಿಸುತ್ತಿದ್ದರು. ಮೋಹನ ರಾಗದಲ್ಲಿ ಒಂದು ಪದ ಹಾಕಿಕೊಟ್ಟರು. ಚರಣವನ್ನು ತಾಳ ಬಿದ್ದ ಮೇಲೆ ಅರ್ಧ ಎಣಿಕೆ ಬಿಟ್ಟು ಎತ್ತಬೇಕು. ಅದು ಬರದೆ ನಾಲ್ಕು ಶನಿವಾರ ಅತ್ತಿದ್ದೇನೆ. ಮುಂದೆ ಮಂಗಳೂರಿನಲ್ಲಿ ಅದನ್ನೇ ಒಂದು ಸಿಡಿಗೆ ಹಾಡಿದೆ. ರಾಗ ಯಾರದ್ದು ಅಂತ ಬರೆಯಲಿ ಎಂದು ಸ್ಟುಡಿಯೋದವರು ಕೇಳಿದರು. 'ಸಾಂಪ್ರದಾಯಿಕ' ಅಂದುಬಿಟ್ಟೆ. ಸುಳ್ಳು ಅಂತ ಅನ್ನಿಸಲೇ ಇಲ್ಲ. ಅಷ್ಟು ವರ್ಷ ಬಾಯಲ್ಲಿದ್ದ ಹಾಡು, ಯಾರೋ ಕೂತು ಮಾಡಿದ್ದು ಅನ್ನುವುದೇ ಮರೆತಿತ್ತು.

ಸಿಡಿ ಕೊಡಲು ಹೋದಾಗ ಮಾಷ್ಟ್ರು ಕನ್ನಡಕ ಹಾಕಿಕೊಂಡು ಒಳಗಿನ ಕಾಗದ ಓದಿದರು. ತಿರುಗಿಸಿ ಇನ್ನೊಮ್ಮೆ ಓದಿದರು. 'ಎತ್ತುಗಡೆ ಸರಿ ಬಂದಿದೆ. ಚಾ ಕುಡಿದು ಹೋಗು' ಅಂದರು. ಅರ್ಥವಾದದ್ದು ಬಸ್ಸಿನಲ್ಲಿ. ಆದರೂ ತಿರುಗಿ ಹೋಗಲಿಲ್ಲ. ಅವರು ತೀರಿಕೊಂಡು ಆರು ವರ್ಷ. ಅವತ್ತು ಒಂದು ಮಾತು ಬೈದಿದ್ದರೆ ಅಲ್ಲೇ ಕಾಲು ಹಿಡಿಯುತ್ತಿದ್ದೆ. ಮಾಷ್ಟ್ರೇ, ದಯವಿಟ್ಟು ಕೇಳಿ."

ಮಂಜೇಶ್ವರದವರಾಗಿ ಮಂಗಳೂರಿನಲ್ಲಿ ರೆಕಾರ್ಡಿಂಗ್ ಕೆಲಸ ಮಾಡುವವರೊಬ್ಬರು ಕಾನೂನು ಹಿಡಿದಿದ್ದಾರೆ. ತಿಳಿದಿರುವುದು ಒಳ್ಳೆಯದು. ನೋಟೀಸಿಗಿಂತ ಮೊದಲು ಒಂದು ಫೋನ್ ಇರಲಿ.

"ಪದ ದಾಸರದ್ದು, ಅದು ಎಲ್ಲರ ಸ್ವತ್ತು. ರಾಗ ನಿಮ್ಮದು. ಸ್ವರ ಬರೆದಿಟ್ಟಿಲ್ಲ ಅಂತ ಹೆದರಬೇಡಿ, ಕಾಪಿರೈಟ್ ಕಾಯ್ದೆಯ 1994ರ ತಿದ್ದುಪಡಿಯ ನಂತರ ಅದು ಕಡ್ಡಾಯವಲ್ಲ. ನೋಂದಣಿಯೂ ಬೇಕಿಲ್ಲ. ದುಡ್ಡು ಹಾಕಿದ್ದೂ ನೀವೇ ಆದ್ದರಿಂದ ಧ್ವನಿಮುದ್ರಣದ ಹಕ್ಕು 2057ರ ಕೊನೆಯವರೆಗೆ ನಿಮ್ಮದೇ. ರಾಗದ ಹಕ್ಕು ನಿಮ್ಮ ಕಾಲದ ನಂತರವೂ 60 ವರ್ಷ. ಮಾಡಿದವನ ಹೆಸರು ಹೇಳಿಸಿಕೊಳ್ಳುವ ಹಕ್ಕು 1957ರ ಅದೇ ಕಾಯ್ದೆಯ 57ನೇ ಸೆಕ್ಷನ್ನಿನಲ್ಲೇ ಇದೆ. ಕ್ಯಾಸೆಟ್ಟಿನ ಒಳಗಿನ ಕಾಗದ ಜೋಪಾನ. ಟೇಪನ್ನು ಒಮ್ಮೆ ಪೂರ್ತಿ ಮುಂದೆ, ಹಿಂದೆ ಸುತ್ತಿಸಿ ಆಮೇಲೆ ಕಂಪ್ಯೂಟರಿಗೆ ಇಳಿಸಿ. ಅಂಟಿಕೊಂಡಿದ್ದರೆ ಎಳೆಯಬೇಡಿ."

ಕುಂಬಳೆಯ ತಾಯಿಯೊಬ್ಬರಿಗೆ ಇದ್ಯಾವುದೂ ತಲೆಬಿಸಿಯಲ್ಲ:

"ಶಿಷ್ಯೆ ವಿಷಯ ಬಿಡಿ. ಮಗಳಿಗೆ ಶಾಲಾ ಕಲೋತ್ಸವಕ್ಕೆ ಕನ್ನಡ ಪದ್ಯ ಇದೆ. ರಾಗ ಹಾಕಿಕೊಡುವವರು ಈ ಕಡೆ ಸಿಗುವುದಿಲ್ಲ. ಮಾಷ್ಟ್ರು ಭಾನುವಾರ ಪುರುಸೊತ್ತಿದ್ದಾರಾ? ಫೀಸು ಎಷ್ಟು? ಹೆಸರು ಬೇಕಾದಲ್ಲೆಲ್ಲ ಹಾಕುತ್ತೇವೆ."

ಮಾಷ್ಟ್ರ ನಂಬರು ಕೊಡುವ ಹಾಗಿಲ್ಲ. ಪತ್ರಗಳನ್ನೆಲ್ಲ ಅವರಿಗೆ ಕಳಿಸಿದ್ದೇವೆ. ಮುಳ್ಳೇರಿಯದ್ದನ್ನು ಮೇಲೆ ಇಟ್ಟಿದ್ದೇವೆ.