ಸಹಾಯ ಬೇಕು: ಮಳೆಗಾಲದಲ್ಲಿ ಜಿಂಜರ್ ಬಿಯರ್ ಮಾಡುವುದು ಹೇಗೆ?
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು. ಮನೆಯಲ್ಲೇ ಜಿಂಜರ್ ಬಿಯರ್ (ಶುಂಠಿ, ಸಕ್ಕರೆ ನೀರನ್ನು ಹುಳಿ ಬರಿಸಿ ಮಾಡುವ ನೊರೆ ಪಾನೀಯ) ಮಾಡಬೇಕು ಅಂತಿದ್ದೇನೆ. ನಮ್ಮದೇ ಶುಂಠಿ ಇದೆ. ಬಾವಿ ನೀರು, ಹುಳಿ ಬರುವುದಕ್ಕೆ ಅಡ್ಡಿಯಾಗುವ ಕ್ಲೋರಿನ್ ಕಾಟವಿಲ್ಲ. ಸಿಪ್ಪೆ ಸಮೇತ ತುರಿದ ಶುಂಠಿ, ಸಕ್ಕರೆ, ನೀರು ಜಾಡಿಗೆ ಹಾಕಿ, ದಿನಾ ಸ್ವಲ್ಪ ಶುಂಠಿ-ಸಕ್ಕರೆ ಸೇರಿಸುತ್ತಾ ಹೋದರೆ ಸಿಪ್ಪೆಯಲ್ಲಿರುವ ಯೀಸ್ಟ್‌ನಿಂದಲೇ ನೊರೆ ಏಳುತ್ತದೆ, ಅಲ್ವಾ? ಆದರೆ ಈ ಜಡಿಮಳೆಯಲ್ಲಿ ಮನೆಯೊಳಗೆ ತಂಡಿ ಜಾಸ್ತಿ. ದೋಸೆ ಹಿಟ್ಟೇ ಸರಿಯಾಗಿ ಹುಳಿ ಬರುತ್ತಿಲ್ಲ. ಜಾಡಿಯನ್ನು ಬಚ್ಚಲೊಲೆ ಹತ್ತಿರ ಇಡಬಹುದಾ? ಹೊಗೆ ವಾಸನೆ ಹಿಡಿಯುತ್ತಾ? ಸಕ್ಕರೆ ಬದಲು ಜೋನಿ ಬೆಲ್ಲ ಹಾಕಿದವರು ಇದ್ದೀರಾ?

ದೊಡ್ಡ ಚಿಂತೆ ಬಾಟಲಿಯದು. ಗ್ಯಾಸ್ ಹೆಚ್ಚಾದರೆ ಗಾಜು ಸಿಡಿಯುತ್ತದೆ, ಮನೆಯಲ್ಲಿ ಮಕ್ಕಳಿದ್ದಾರೆ. ನನ್ನ ಪ್ರಕಾರ ಮೊದಲಿಗೆ ಸೋಡಾದ ಪ್ಲಾಸ್ಟಿಕ್ ಬಾಟಲಿಯೇ ವಾಸಿ. ಒತ್ತಿ ನೋಡಿದರೆ ಗ್ಯಾಸ್ ಎಷ್ಟು ತುಂಬಿದೆ ಅಂತ ತಿಳಿಯುತ್ತದೆ. ಎಷ್ಟು ಗಟ್ಟಿಯಾದ ಮೇಲೆ ಫ್ರಿಜ್‌ಗೆ ಇಡಬೇಕು? ಮಲೆನಾಡಿನ ಮಳೆಯಲ್ಲೇ ಮಾಡಿ ರೂಢಿ ಇರುವವರು ದಯವಿಟ್ಟು ತಿಳಿಸಿ.